ಬಾಗಿಲಿಗೆ ಬಂದವನು

ಫೆಬ್ರವರಿ 3, ಸೋಮವಾರ

ಮೂಹಾ ಬೆಳಿಗ್ಗೆ ಬೆಳಿಗ್ಗೆಯೇ ಬಂದು ವಕ್ಕರಿಸಿದ. ಚಿಕ್ಕಪ್ಪನ ಮಗ, ಬಾಗಿಲು ತಟ್ಟುವ ಅಭ್ಯಾಸವಿಲ್ಲ. ವರ್ಜಾಜಾತಿನ ಸಿನಿಮಾ ಸ್ಟುಡಿಯೋಗಳಲ್ಲಿ ಸಾಯುವುದು ಅವನ ಕಸುಬು. ಫರೋನನ ಸೈನಿಕನಾಗಿ ಮುಳುಗಿ ಸತ್ತಿದ್ದಾನೆ, ರೋಮನ್ನರ ಈಟಿಗೆ ಸಿಕ್ಕಿ ಸತ್ತಿದ್ದಾನೆ, ಅಮೆರಿಕದವರ ಬಾಂಬಿಗೂ ಸತ್ತಿದ್ದಾನೆ. ಸಂಜೆ ಮನೆಗೆ ಬಂದು ಚಹಾದಲ್ಲಿ ಪುದೀನ ಕಡಿಮೆಯಾಯಿತೆಂದು ಜಗಳ ತೆಗೆಯುತ್ತಾನೆ.

“ಇತ್ತೋ,” ಎಂದು ನನ್ನ ಹೆಸರು ಹಿಡಿದು ಕೂಗಿದ, “ಈ ಸಲ ಶೂಟಿಂಗು ನಮ್ಮೂರಲ್ಲೇ ಕಣೇ. ಬಸ್ಸು ಹತ್ತೋ ಕಷ್ಟ ಇಲ್ಲ. ಬೆಳಿಗ್ಗೆ ಹೋಗಿ ಸತ್ತು, ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು.”

“ಯಾರ ಸಿನಿಮಾ? ಮತ್ತೆ ರೋಮನ್ನರದ್ದಾ?”

ಅವನು ಲೋಟದೊಳಗೇ ನೋಡುತ್ತ ಹೇಳಿದ: “ಅಲ್ಲ. ಕೋಟೆ ಕಮಾಂಡಂಟಂದು.”

ಕೈಯಲ್ಲಿದ್ದ ಕೆಟಲನ್ನು ಕೆಳಗಿಟ್ಟೆ. ಇಡದಿದ್ದರೆ ಅವನ ತಲೆಯ ಮೇಲೇ ಬಗ್ಗಿಸಿಬಿಡುತ್ತಿದ್ದೆನೇನೋ.

ನಮ್ಮೂರು ಇಮಿಂತಾಲದ ಮೇಲಿನ ಗುಡ್ಡದ ಕೋಟೆ ಐವತ್ತು ವರ್ಷದ ಹಿಂದೆ ಜೈಲಾಗಿತ್ತು. ಸರ್ಕಾರ ಇದೆಯೆಂದು ಒಪ್ಪದಿದ್ದ ಜೈಲು. ಶಾಲೆಯ ಮೇಷ್ಟರಾಗಿದ್ದ ಅಪ್ಪ ಅದರೊಳಗೆ ತನ್ನ ಕಾಲ ಮೇಲೆ ನಡೆದು ಹೋದ. ಹೊರಗೆ ಹೆಣವೂ ಬರಲಿಲ್ಲ. ನನಗಾಗ ಆರು ವರ್ಷ. ಹಾಗೆ ಹೋದವರ ಮನೆಯವರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ, ಈಗ ಅದಕ್ಕೆ ನಾನೇ ಅಧ್ಯಕ್ಷೆ. ಆ ಜೈಲು ನಡೆಸಿದ ಮೃಗಕ್ಕೆ ಝರ್ವಾಲಿ ಎಂದು ಹೆಸರಿತ್ತು. ಪಿಂಚಣಿ ತಿಂದುಕೊಂಡು ಹಾಯಾಗಿದ್ದು, ರಬಾತಿನಲ್ಲಿ ತನ್ನ ಹಾಸಿಗೆಯ ಮೇಲೇ ಸತ್ತಿತು. ಆ ಹೆಸರನ್ನು ನಾನು ಬಾಯಲ್ಲಿ ಆಡುವುದಿಲ್ಲ. ಇಲ್ಲಿ ಬರೆಯುವುದೂ ಇದೇ ಕೊನೆ.

ಅದರ ಮೇಲೆ ಸಿನಿಮಾ! ನಾಯಿಗೆ ಹುಚ್ಚು ಹಿಡಿದರೆ ಗುಂಡು ಹೊಡೆಯುತ್ತಾರೆ, ಅದರ ಜೀವನಚರಿತ್ರೆ ಬರೆಯುತ್ತಾರೆಯೇ? ಕೋಟೆಯನ್ನೂ ಬೀದಿಯನ್ನೂ ಬಳಸಬೇಕಾದರೆ ಊರ ಹಿರಿಯರ ಸಭೆಯ ಒಪ್ಪಿಗೆ ಬೇಕು. ಹಿರಿಯರು ಸಂಘ ಹೇಳಿದಂತೆ ಎಂದಿದ್ದಾರೆ. ಅಂದರೆ ನಾನು ಹೇಳಿದಂತೆ. ಮುಂದಿನ ವಾರ ಶುಕ್ರವಾರ ಸಭೆ. ಬರಲಿ, ನೋಡಿಕೊಳ್ಳುತ್ತೇನೆ.

ಫೆಬ್ರವರಿ 5, ಬುಧವಾರ

ನಿರ್ದೇಶಕಿ ಬಂದಿದ್ದಳು. ಬಹೀಜಾ ಅಂತ, ಕಾಸಾಬ್ಲಾಂಕಾದವಳು, ನನ್ನ ಹಳೇ ವಿದ್ಯಾರ್ಥಿನಿಯರ ವಯಸ್ಸು. ಗಂಡಸರ ಬೂಟು ಹಾಕಿಕೊಂಡಿದ್ದಳು. ಅಮ್ಮ ಮೂಲೆಯಲ್ಲಿ ಬಾದಾಮಿ ಒಡೆಯುತ್ತ ಕೂತಿದ್ದಳು. ಸ್ಕ್ರಿಪ್ಟನ್ನು ನಿನ್ನೆಯೇ ಕಳಿಸಿದ್ದರಿಂದ ನಾನು ಕೆಂಪು ಪೆನ್ನು ಹಿಡಿದೇ ಓದಿಟ್ಟಿದ್ದೆ. ಮೂವತ್ತು ವರ್ಷದ ಮೇಷ್ಟರಗಿರಿ ಎಲ್ಲಿ ಹೋಗುತ್ತದೆ.

ಏನೇನಿದೆ ಅದರಲ್ಲಿ! ಆ ಮೃಗ ಮಾಳಿಗೆಯ ಮೇಲೆ ಪುದೀನ ಬೆಳೆಯುತ್ತದಂತೆ. ಮಗಳನ್ನು ಹಾಡಿ ಮಲಗಿಸುತ್ತದಂತೆ. ಅದಕ್ಕೆ ಹಲ್ಲುನೋವಂತೆ. ಚಿಕ್ಕಂದಿನಲ್ಲಿ ಅಪ್ಪ ಬೆಲ್ಟಿನಿಂದ ಹೊಡೆದದ್ದನ್ನು ನೆನೆದು ಅಳುತ್ತದಂತೆ. ಸಾಲದ್ದಕ್ಕೆ ಒಂದು ದಿನ ಹಳ್ಳಿಯ ಬಡ ಹೆಂಗಸೊಬ್ಬಳ ಮನೆಯಲ್ಲಿ ಹಬೆಯಲ್ಲಿ ಬೆಂದ ರವೆಯ ಕುಸ್ಕುಸ್ ಊಟ ಮಾಡಿ, ತನ್ನ ಪಾಲಿನ ಮಾಂಸವನ್ನು ಅವಳ ಮಗುವಿನ ಕಡೆ ಸರಿಸುತ್ತದಂತೆ.

“ಇದು ಯಾರ ಕಥೆ?” ಎಂದೆ.

“ಕಮಾಂಡಂಟನದ್ದು, ಲಲ್ಲಾ ಇತ್ತೋ. ನಿಮ್ಮ ತಂದೆಯವರದ್ದೂ.” ಲಲ್ಲಾ ಎಂಬ ಮರ್ಯಾದೆಗೇನೂ ಕೊರತೆಯಿಲ್ಲ.

“ನಮ್ಮಪ್ಪ ಎಲ್ಲಿದ್ದಾನಮ್ಮಾ ಇದರಲ್ಲಿ? ಎರಡು ಕಡೆ ಕೆಮ್ಮಿದ್ದಾನೆ ಅಷ್ಟೇ. ಅದಕ್ಕೆ ಹಲ್ಲುನೋವು ಬಂದ್ರೆ ಪುಟಗಟ್ಟಲೆ!”

“ಅವನನ್ನ ರಾಕ್ಷಸ ಅಂತ ತೋರಿಸೋದು ಸುಲಭ ಲಲ್ಲಾ. ಜನ ಬರ್ತಾರೆ, ಬೈತಾರೆ, ಆರಾಮಾಗಿ ಮನೆಗೆ ಹೋಗಿ ಮಲಗ್ತಾರೆ. ನಮ್ಮ ಹಾಗೇ ಉಂಡು ತಿಂದು ಇದ್ದವನು ಇಂಥದ್ದು ಮಾಡ್ದ ಅಂದ್ರೆ ತಾನೇ ಹೆದರಿಕೆ ಆಗೋದು?”

“ಹೆದರಿಕೆ ನಮ್ಮಲ್ಲಿ ಬೇಕಾದಷ್ಟಿದೆ. ಕಾಸಾಬ್ಲಾಂಕಾದಿಂದ ತಂದುಕೊಡಬೇಕಾಗಿಲ್ಲ.”

ಅವಳು ಪಟ್ಟು ಬಿಡಲಿಲ್ಲ. ಊಟದ ವಿಷಯ ಕಟ್ಟಿದ ಕಥೆಯಲ್ಲ, ಕಮಾಂಡಂಟನ ಜೀಪಿನ ಡ್ರೈವರೇ ಸಾಯುವ ಮುಂಚೆ ಹೇಳಿದ್ದು ಎಂದಳು. ನನಗೆ ರೇಗಿಹೋಯಿತು.

“ಸುಳ್ಳು! ನಮ್ಮೂರಿನ ಯಾವ ಹೆಂಗಸು ಅದಕ್ಕೆ ಊಟ ಹಾಕ್ತಾಳೆ? ಹೆಸರು ಹೇಳಿಸಿ ಅವನ ಕೈಲಿ, ಗೋರಿಯಿಂದ ಎಬ್ಬಿಸಿ!”

ಅಮ್ಮ ಬಾದಾಮಿಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಎದ್ದು ಹೋದಳು. ನನ್ನ ಕೂಗಾಟ ಅವಳಿಗೆ ಆಗುವುದಿಲ್ಲ. ಊಟ, ಪುದೀನ, ಹಾಡು, ಬೆಲ್ಟು, ನಾಲ್ಕನ್ನೂ ಕಿತ್ತುಹಾಕದಿದ್ದರೆ ಸಭೆಯಲ್ಲಿ ಇಲ್ಲವೆನ್ನುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.

ಫೆಬ್ರವರಿ 7, ಶುಕ್ರವಾರ

ಆ ಪಾತ್ರ ಮಾಡುವವನು ಊರಿಗೆ ಬಂದಿದ್ದಾನೆ. ಸೆಬ್ತಿ ಅಂತ ಹೆಸರು. ಟೀವಿಯಲ್ಲಿ ಯಾವಾಗಲೂ ಒಳ್ಳೆಯ ಅಳಿಯನ ಪಾತ್ರ ಮಾಡುವ ಮನುಷ್ಯ. ಬ್ರೆಡ್ಡಿನ ಒಲೆಯವನು ಅವನಿಗೆ ಬ್ರೆಡ್ ಮುಗಿಯಿತು ಎಂದನಂತೆ, ಹಲಗೆಯ ಮೇಲೆ ಸಾಲಾಗಿ ಜೋಡಿಸಿಟ್ಟುಕೊಂಡೇ. ಯೆಝ್ಝಾ ದೊಡ್ಡಮ್ಮ ಬೀದಿಯಲ್ಲಿ ಅವನ ಬೂಟಿನ ಮುಂದೆ ಉಗುಳಿದಳಂತೆ. ಅವಳ ಬೆನ್ನಿಗೆ ಬಿದ್ದ ತಮ್ಮನೂ ಕೋಟೆಯಲ್ಲೇ ಹೋದವನು.

“ಪಾಪ, ಅವನು ಬರೀ ನಟ ಕಣೇ. ನನ್ನನ್ನ ರೋಮನ್ ಅಂತ ಯಾರಾದ್ರೂ ಉಗಿದ್ರೆ?” ಎಂದ ಮೂಹಾ.

“ನೀನು ಸಾಯುವ ರೋಮನ್. ಸಾಯಿಸೋನಲ್ಲ.”

ಮಧ್ಯಾಹ್ನ ಆ ಸೆಬ್ತಿ ಸಕ್ಕರೆಯ ಅಚ್ಚು ಹಿಡಿದುಕೊಂಡು ನಮ್ಮ ಮನೆಗೇ ಬಂದ. ಸಾವಾದ ಮನೆಗೆ ಬರುವವರು ತರುವ ನೀಲಿ ಕಾಗದದ ಅಚ್ಚು. ಐವತ್ತು ವರ್ಷ ತಡವಾಗಿ! ನಾನು ಚಿಲಕ ತೆಗೆಯಲಿಲ್ಲ. ಅಮ್ಮ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ತೆಗೆದಳು. ಶುಕ್ರವಾರವಾದ್ದರಿಂದ ಎಲ್ಲರೂ ಸುತ್ತ ಕೂತು ತಿನ್ನುವ ಕುಸ್ಕುಸ್ಸಿನ ತಟ್ಟೆ ಆಗತಾನೇ ಇಳಿದಿತ್ತು. ಅವನನ್ನು ಕೂರಿಸಿಯೂ ಬಿಟ್ಟಳು. ಒಂದೇ ತಟ್ಟೆ, ಮೂರು ಜನ. ನಾನು ತಟ್ಟೆಗೆ ಕೈ ಹಾಕಲಿಲ್ಲ. ಅವನು ಹೆದರಿಕೊಂಡು ಚಮಚ ಕೇಳಿ, ಅಂಚಿನಲ್ಲಿ ಹಕ್ಕಿಯ ಹಾಗೆ ಕೆದಕುತ್ತಿದ್ದ.

ಅಮ್ಮ ಅವನ ಕೈಯನ್ನೇ ನೋಡುತ್ತಿದ್ದವಳು ಇದ್ದಕ್ಕಿದ್ದಂತೆ ಅಂದಳು: “ಅವನು ಹೀಗೆ ತಿಂತಿರಲಿಲ್ಲ ಮಗಾ. ಕೈಯಲ್ಲೇ ಉಂಡೆ ಕಟ್ತಿದ್ದ. ಒಂದು ಕಾಳು ಚೆಲ್ತಿರಲಿಲ್ಲ.”

ಸೆಬ್ತಿ ತಲೆ ಎತ್ತಿದ. ನಾನೂ ಎತ್ತಿದೆ. ಅಮ್ಮ ಕುಂಬಳಕಾಯಿಯ ಹೋಳೊಂದನ್ನು ಅವನ ಕಡೆ ನೂಕಿದಳು.

ಫೆಬ್ರವರಿ 8, ಶನಿವಾರ

ಅಮ್ಮ ಬಾಯಿ ಬಿಡುತ್ತಿಲ್ಲ. ಮೂಹಾನನ್ನು ಹಿಡಿದು ಕೂರಿಸಿದೆ. ಅವನು ಚಹಾ ಬೇಡ ಎಂದ. ಆಗಲೇ ಗೊತ್ತಾಯಿತು, ವಿಷಯ ದೊಡ್ಡದೆಂದು.

“ಊರಿಗೆಲ್ಲ ಗೊತ್ತು ಇತ್ತೋ. ಅವನಿಗೆ ಊಟ ಹಾಕಿದ್ದು ನಿಮ್ಮಮ್ಮ. ನಿಮ್ಮ ಮನೆಯಲ್ಲೇ, ನೀನೂ ತಟ್ಟೆ ಮುಂದೆ ಕೂತಿದ್ದೆ.”

ಅಪ್ಪ ಹೋದ ಮೇಲೆ ನನ್ನನ್ನು ಮರ್ರಾಕೆಶಿಗೆ ಸೋದರಮಾವನ ಮನೆಗೆ ಕಳಿಸಿದ್ದರು. ಓದು, ನೌಕರಿ ಎಲ್ಲ ಅಲ್ಲೇ. ಊರಿಗೆ ವಾಪಸು ಬಂದದ್ದು ನಿವೃತ್ತಿಯಾದ ಮೇಲೆ. ಇಷ್ಟು ವರ್ಷ ಊರು ನನ್ನ ಮುಂದೆ ಬಾಯಿ ಹೊಲಿದುಕೊಂಡಿತ್ತು.

“ಮದುವೆ ಮನೇಲಿ ನೋಡಿಲ್ವಾ?” ಎಂದ ಮೂಹಾ. “ಒಂದು ತಟ್ಟೆ ಸುತ್ತ ಆರೇಳು ಜನ ಹೆಂಗಸರು ಕೂತ್ಕೋತಾರೆ. ನಿಮ್ಮಮ್ಮ ಕೂತ ತಟ್ಟೆಗೆ ಯಾರು ಬರ್ತಾರೆ ಹೇಳು? ಮಕ್ಕಳು. ಬರೀ ಮಕ್ಕಳು.”

ಅಮ್ಮನಿಗೆ ಮಕ್ಕಳೆಂದರೆ ಇಷ್ಟ, ಅದಕ್ಕೇ ಅಲ್ಲಿ ಕೂರುತ್ತಾಳೆ ಎಂದುಕೊಂಡಿದ್ದೆ. ಯಾರ ಮೇಲೆ ಕೂಗಲಿ ಈಗ? ಊರಿನ ಮೇಲೋ, ಅಮ್ಮನ ಮೇಲೋ, ಆರು ವರ್ಷದ ನನ್ನ ಮೇಲೋ? ಆ ಮಾಂಸ ನನ್ನ ಹೊಟ್ಟೆಗೆ ಹೋಗಿದೆ. ಎಷ್ಟು ತಡಕಿದರೂ ಅದರ ರುಚಿಯಾಗಲಿ ಅದರ ಮುಖವಾಗಲಿ ನೆನಪಿಗೆ ಬರುತ್ತಿಲ್ಲ.

ಫೆಬ್ರವರಿ 9, ಭಾನುವಾರ

ಅಮ್ಮ ತನ್ನ ಚಹಾ ತಾನೇ ಕುದಿಸಿಕೊಂಡಳು. ನನ್ನದನ್ನು ನಾನು.

ಫೆಬ್ರವರಿ 11, ಮಂಗಳವಾರ

ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಾಗ ಅಮ್ಮ ತಾನಾಗಿಯೇ ಶುರುಮಾಡಿದಳು. ಕೇಳಿದ್ದನ್ನು ಕೇಳಿದ ಹಾಗೇ ಬರೆದಿಡುತ್ತೇನೆ.

“ನಿಮ್ಮಪ್ಪ ಆಗ ಊರಲ್ಲಿರಲಿಲ್ಲ. ಮೇಷ್ಟ್ರುಗಳನ್ನೆಲ್ಲ ಹಿಡೀತಾರೆ ಅಂತ ಸುದ್ದಿ ಬಂತು. ಘಟ್ಟದಾಚೆ ನಮ್ಮಣ್ಣನ ಊರಿಗೆ ಓಡಿಹೋಗಿದ್ದ, ಯೆಝ್ಝಾಳ ತಮ್ಮನೂ ಜೊತೇಲಿದ್ದ. ಒಂದು ಶುಕ್ರವಾರ ಜೀಪು ನಮ್ಮ ಬಾಗಿಲ ಮುಂದೇನೇ ಹೊಗೆ ಬಿಟ್ಕೊಂಡು ನಿಂತ್ಬಿಡ್ತು. ಅವನು ಇಳಿದು ಬಂದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಕೊಂಡಿದ್ದ. ಮುಖ ಎಲ್ಲ ಧೂಳು. ‘ಲಲ್ಲಾ, ಇಂಜಿನ್ನಿಗೆ ಒಂದಿಷ್ಟು ನೀರು ಬೇಕಾಗಿತ್ತು’ ಅಂದ. ತಟ್ಟೆ ಆಗ್ಲೇ ಇಳಿಸಿದ್ದೆ, ಹಬೆ ಆಡ್ತಿತ್ತು. ತಟ್ಟೆ ಮುಂದಿಟ್ಕೊಂಡು, ಬಾಗಿಲಲ್ಲಿ ನಿಂತವನಿಗೆ ಬರೀ ನೀರು ಕೊಟ್ಟು ಕಳಿಸೋದುಂಟಾ? ಬಿಸ್ಮಿಲ್ಲಾ, ಒಳಗೆ ಬನ್ನಿ ಅಂದೆ.”

“ಯಾರು ಅಂತ ಗೊತ್ತಿತ್ತಾ ನಿನಗೆ?”

“ಕೋಟೆ ಯಜಮಾನ ಅಂತ ಗೊತ್ತಿತ್ತು. ಒಳಗೆ ಏನ್ಮಾಡ್ತಾನೆ ಅಂತ ಆಗ ಯಾರಿಗ್ಗೊತ್ತಿತ್ತು?”

ಅವನು ತನ್ನ ಪಾಲಿನ ಕಡೆಯಿಂದ ಮಾತ್ರ ತಿಂದನಂತೆ. ಮಾಂಸದ ತುಂಡನ್ನು ನನ್ನ ಕಡೆ ಸರಿಸಿ, ಮಗು ತಿನ್ನಲಿ, ಬೆಳೆಯುವ ಮೂಳೆ ಎಂದನಂತೆ. ಕೈ ತೊಳೆದು ಏಳುವಾಗ ಅಮ್ಮನಿಗೆ ಹೇಳಿದನಂತೆ: “ನಿನ್ನ ಉಪ್ಪು ತಿಂದಿದ್ದೀನಿ ಲಲ್ಲಾ. ಮೇಷ್ಟ್ರಿಗೆ ಮನೆಗೆ ಬಾ ಅಂತ ಹೇಳಿಕಳಿಸು. ನಾನು ಮಾತು ಕೊಡ್ತೀನಿ.”

ನಮ್ಮ ಕಣಿವೆಯಲ್ಲಿ ಉಪ್ಪು ತಿಂದವನು ಆ ಮನೆಯ ಮೇಲೆ ಕೈ ಮಾಡುವುದಿಲ್ಲ. ಕೊಲೆಯ ಹಗೆಯಿದ್ದವರೂ ಒಂದು ತಟ್ಟೆಯಲ್ಲಿ ಉಂಡರೆ ಮುಗಿಯಿತು. ಅದನ್ನು ಮೀರಬಹುದು ಎಂಬುದೇ ಅಮ್ಮನಿಗೆ ಹೊಳೆಯಲಿಲ್ಲ. ಅಪ್ಪನಿಗೂ ಹೊಳೆಯಲಿಲ್ಲ, ಅಷ್ಟು ಓದಿದ್ದವನಿಗೆ! ಅಮ್ಮ ಹೇಳಿಕಳಿಸಿದಳು, ಅಪ್ಪ ಯೆಝ್ಝಾಳ ತಮ್ಮನನ್ನೂ ಕರೆದುಕೊಂಡು ನಗುನಗುತ್ತ ಬಂದ. ಸೋಮವಾರ ಇಬ್ಬರನ್ನೂ ಹಿಡಿದುಕೊಂಡು ಹೋದರು.

“ನಾನು ಕೋಟೆಗೆ ಹೋದೆ. ಅವನೇ ಹೊರಗೆ ಬಂದ. ನನಗೆ ಕುರ್ಚಿ ಹಾಕಿಸಿದ. ನಮ್ಮ ಉಪ್ಪು ತಿಂದಿದ್ದೀಯಲ್ಲಪ್ಪಾ ಅಂದೆ. ‘ಉಪ್ಪು ತಿಂದವನು ನಾನು ಲಲ್ಲಾ, ಸರ್ಕಾರ ಅಲ್ಲ’ ಅಂದ. ಗದರಲಿಲ್ಲ, ನಗಲಿಲ್ಲ. ಬೇಜಾರಾದ ಹಾಗೇ ಇತ್ತು ಮುಖ. ಬಿಸಿಲಲ್ಲಿ ನಡ್ಕೊಂಡು ಹೋಗ್ತೀಯಾ ಅಂತ ಜೀಪಲ್ಲಿ ಮನೆಗೆ ಬಿಡಿಸ್ದ. ಊರೆಲ್ಲ ನೋಡ್ತು, ನಾನು ಅವನ ಜೀಪಿಂದ ಇಳಿದದ್ದನ್ನ.”

ಕುರ್ಚಿ ಹಾಕಿಸಿದನಂತೆ! ಒದ್ದು ಓಡಿಸಿದ್ದರೆ ಅಮ್ಮ ಊರಿನವಳಾಗಿಯೇ ಉಳಿಯುತ್ತಿದ್ದಳು.

ನಾನು ಬೈಯಲು ಶುರುಮಾಡಿದೆ, ಇಂಥ ರಾಕ್ಷಸ, ಅಂಥ ಪಿಶಾಚಿ ಎಂದು. ಅಮ್ಮ ಕೈ ಎತ್ತಿ ತಡೆದಳು.

“ನೀನು ಸಂಘದಲ್ಲಿ ಅವನು ರಾಕ್ಷಸ ಅಂತ ಭಾಷಣ ಮಾಡ್ದಾಗೆಲ್ಲ ಯೆಝ್ಝಾ ನನ್ನ ಮುಖ ನೋಡ್ತಾಳೆ. ರಾಕ್ಷಸನ್ನ ಕಂಡ್ರೆ ಗೊತ್ತಾಗಲ್ವಾ, ಇವಳ್ಯಾಕೆ ಒಳಗೆ ಕರೆದ್ಲು ಅಂತ. ಕೊಂಬು ಇದ್ದಿದ್ರೆ ನಾನೂ ಚಿಲಕ ಹಾಕ್ಕೊಂಡು ಕೂತಿರ್ತಿದ್ದೆ ಕಣೇ. ಸಾಯೋಕೆ ಮುಂಚೆ ಒಂದು ಸಲ ಊರು ನೋಡಲಿ, ಅವನು ಹೇಗೆ ಬಂದ ಅಂತ. ನಾನು ಹೇಳಿದ್ರೆ ಯಾರೂ ನಂಬಲ್ಲ.”

ಅವಳಿಗೆ ಎಂಬತ್ತು ದಾಟಿದೆ. ಕೇಳಿದ್ದು ಇದೊಂದೇ.

ಫೆಬ್ರವರಿ 14, ಶುಕ್ರವಾರ

ಸಭೆ ಮುಗಿಯಿತು. ನಾನು ನನ್ನ ಮಾತಿನಿಂದ ಒಂದಿಂಚೂ ಕದಲಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಮಸೀದಿಯ ಪಕ್ಕದ ಕಟ್ಟೆಯಲ್ಲಿ ಹಿರಿಯರು ಕೂತಿದ್ದರು. ಬಹೀಜಾ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಳು. ಯೆಝ್ಝಾ ದೊಡ್ಡಮ್ಮ ಎಲ್ಲರಿಗಿಂತ ಮುಂಚೆ ಎದ್ದಳು.

“ಅವನಿಗೆ ಊಟ ಹಾಕೋ ಸೀನು ಇರಕೂಡದು. ಊರ ಮರ್ಯಾದೆ ಹೋಗತ್ತೆ. ಯಾರೋ ಒಬ್ಬಳು ಮಾಡಿದ್ದನ್ನ ಲೋಕಕ್ಕೆಲ್ಲ ತೋರಿಸಬೇಕಾ?”

ಆ ‘ಯಾರೋ ಒಬ್ಬಳು’, ನಮ್ಮಮ್ಮ, ಎರಡು ಮಾರು ದೂರದಲ್ಲಿ ಕೂತಿದ್ದಳು. ನಾನು ಎದ್ದೆ.

“ಊಟ ಇರಬೇಕು. ಉಳಿದದ್ದೆಲ್ಲ ಹೋದ್ರೂ ಪರವಾಗಿಲ್ಲ, ಊಟ ಇರಬೇಕು. ನಮ್ಮ ಮನೆಯಲ್ಲೇ ತೆಗೀಬೇಕು. ತಟ್ಟೆ ನಮ್ಮಮ್ಮನೇ ಮಾಡ್ತಾಳೆ.”

ಗುಸುಗುಸು ಎದ್ದಿತು. ಬಹೀಜಾಳ ಮುಖ ಅರಳಿದ್ದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಗೆದ್ದೆ ಎಂದುಕೊಂಡಳೇನೋ! ಅವಳ ಕಡೆ ತಿರುಗಿದೆ.

“ಪುದೀನ ಇರಲಿ, ಹಲ್ಲುನೋವು ಇರಲಿ, ಹಾಡೂ ಇರಲಿ. ಆದರೆ ಆ ಬೆಲ್ಟಿನ ಏಟು ಇದೆಯಲ್ಲಾ, ಅದು ಹೋಗಬೇಕು.”

“ಅದು ಮುಖ್ಯ ಲಲ್ಲಾ. ಅವನು ಯಾಕೆ ಹಾಗಾದ ಅಂತ ತಿಳೀಬೇಕಲ್ವಾ?”

“ಬೆಲ್ಟಿನ ಏಟು ತಿಂದವರೆಲ್ಲ ಜೈಲು ನಡೆಸಿದ್ರಾ? ನಮ್ಮ ಮೂಹಾನ ಅಪ್ಪ ಇವನನ್ನ ದಿನಾ ಹೊಡೀತಿದ್ದ. ಇವನು ಹೆಚ್ಚೆಂದ್ರೆ ರೋಮನ್ ಆದ!”

ಕಟ್ಟೆಯವರೆಲ್ಲ ನಕ್ಕರು. ಮೂಹಾ ಎದ್ದು ಸಲಾಮು ಹೊಡೆದ.

“ಏಟು ತಿಂದದ್ದಕ್ಕೆ ಹಾಗೆ ಮಾಡ್ದ ಅಂದ್ರೆ, ಅವನು ಮಾಡಿದ್ದಲ್ಲ, ಬೆಲ್ಟು ಮಾಡಿದ್ದು ಅಂತಾಯ್ತು. ಝರ್ವಾಲಿಗೆ ಎರಡೂ ದಾರಿ ಗೊತ್ತಿತ್ತು. ಮಾತು ಕೊಡೋಕೆ ಗೊತ್ತಿದ್ದವನಿಗೆ ಉಳಿಸಿಕೊಳ್ಳೋಕೂ ಗೊತ್ತಿತ್ತು. ತಿಂದ, ಕೈ ತೊಳೆದ, ಮುರಿದ. ಅವನೇ ಮಾಡಿದ್ದು. ಅದನ್ನ ತೋರಿಸು, ಅಳು ತೋರಿಸಬೇಡ.”

ಬಹೀಜಾ ಸ್ಕ್ರಿಪ್ಟು ತೆರೆದು ಆ ಪುಟಕ್ಕೆ ಅಡ್ಡಗೆರೆ ಎಳೆದಳು. ಆಮೇಲೆ ಆಯ್ತು ಲಲ್ಲಾ ಎಂದಳು. ಒಳ್ಳೆಯ ಹುಡುಗಿಯೇ, ಸ್ವಲ್ಪ ಸಿನಿಮಾ ಜಾಸ್ತಿ ನೋಡಿದ್ದಾಳೆ. ಯೆಝ್ಝಾ ಮಾತ್ರ ಹಟ ಬಿಡಲಿಲ್ಲ. ತಾನೂ ಅಂಗಳದಲ್ಲಿ ಕೂರುತ್ತೇನೆ, ಸುಳ್ಳು ತೋರಿಸಿದರೆ ಅಲ್ಲೇ ಎದ್ದು ಕ್ಯಾಮೆರಾ ಬೀಳಿಸುತ್ತೇನೆ ಎಂದಳು. ಬಹೀಜಾಗೆ ಅಂಗಳದಲ್ಲಿ ಕೂರಿಸಲು ಮುದುಕಿಯರು ಬೇಕಾಗಿತ್ತು, ತಕ್ಷಣ ಒಪ್ಪಿಕೊಂಡಳು.

ಸಭೆಯಿಂದ ಹೊರಟಾಗ ಅಮ್ಮನ ಜೊತೆ ಯಾರೂ ನಡೆಯಲಿಲ್ಲ. ಇವರಿಗೆಲ್ಲ ಏನು ಹೇಳುವುದು? ಇವರ ಮನೆಗಳ ಮುಂದೆ ಜೀಪು ಕೆಡಲಿಲ್ಲ ಅಷ್ಟೇ.

ಫೆಬ್ರವರಿ 18, ಮಂಗಳವಾರ

ಸೆಬ್ತಿಗೆ ಊಟ ಮಾಡಲು ಕಲಿಸಿ ಸಾಕಾಯಿತು. ಬಿಸಿ ಕುಸ್ಕುಸ್ಸನ್ನು ಅಂಗೈಯಲ್ಲಿ ಕುಲುಕಿ ಉಂಡೆ ಮಾಡಲು ಬಾರದ ಗಂಡಸು, ಕಮಾಂಡಂಟನ ಪಾತ್ರ ಮಾಡುತ್ತಾನಂತೆ. ಅಂಗಿಯ ತುಂಬ ಕಾಳು. ಅಮ್ಮ ನಕ್ಕಳು. ಅವಳು ನಕ್ಕದ್ದನ್ನು ಎಷ್ಟು ದಿನವಾಗಿತ್ತೋ ನಾನು ಕೇಳಿ.

ಅವನು ಮಾಂಸ ಸರಿಸುವಾಗ ಕಣ್ಣು ಕಿರಿದು ಮಾಡಿ, ತುಟಿ ಒಂದು ಕಡೆ ಎಳೆದ. ನನಗೆ ಉರಿದುಹೋಯಿತು.

“ಏನದು ಕಣ್ಣು?”

“ಒಳಗೆ ಏನೋ ಇದೆ ಅಂತ ನೋಡೋರಿಗೆ ಸುಳಿವು ಸಿಗಲಿ ಅಂತ, ಲಲ್ಲಾ.”

“ನಮ್ಮಮ್ಮನಿಗೆ ಸಿಕ್ಕಿತ್ತಾ ಸುಳಿವು? ಅವರಿಗ್ಯಾಕೆ ಸಿಗಬೇಕು, ದುಡ್ಡು ಕೊಟ್ಟು ಕೂತೋರಿಗೆ? ಅವನಿಗೆ ಮನೇಲಿ ನನ್ನಷ್ಟೇ ಮಗಳಿದ್ಲು. ಮಗು ತಿನ್ನಲಿ ಅಂತ ನಿಜವಾಗ್ಲೂ ಅಂದುಕೊಂಡ. ಹಾಗೆ ಸರಿಸು.”

“ಮಾತು ಕೊಡುವಾಗ?”

ಅದಕ್ಕೆ ಅಮ್ಮ ಉತ್ತರ ಕೊಟ್ಟಳು: “ಆಗಲೂ ಅಷ್ಟೇ ಮಗಾ. ಕೊಡುವಾಗ ನಿಜವಾಗೇ ಕೊಟ್ನೋ ಏನೋ. ನನಗೆ ಇವತ್ತಿಗೂ ಗೊತ್ತಾಗಿಲ್ಲ.”

ಸೆಬ್ತಿ ತಟ್ಟೆ ಬಿಟ್ಟು ಅಂಗಳಕ್ಕೆ ಹೋಗಿ ಕೈ ತೊಳೆದುಕೊಂಡ. ವಾಪಸು ಬಂದು ಸರಿಯಾಗಿ ಮಾಡಿದ. ಎಷ್ಟು ಸರಿಯಾಗಿ ಎಂದರೆ, ಆ ಮಾಂಸದ ತುಂಡು ನನ್ನ ಕಡೆ ಸರಿದಾಗ ನನ್ನ ಕೈ ತಾನಾಗಿ ಅದರತ್ತ ಹೋಗಿಬಿಟ್ಟಿತು. ಅದನ್ನು ಬರೆಯದೆ ಬಿಡಬಹುದಿತ್ತು.

ಆ ಝರ್ವಾಲಿ ಪ್ರೀತಿಯಿಂದಲೇ ನನಗೆ ಉಣ್ಣಿಸಿದ್ದ. ಮೂರನೇ ದಿನ ನನ್ನ ಅಪ್ಪನನ್ನು ಹಿಡಿದುಕೊಂಡು ಹೋದ. ಎರಡನ್ನೂ ಒಂದೇ ಕೈ ಮಾ‌ಡಿತು. ಮೃಗವಾಗಿದ್ದರೆ ನಾನು ಇಷ್ಟು ದ್ವೇಷಿಸುತ್ತಿರಲಿಲ್ಲ. ತೋಳ ಕುರಿ ತಿಂದರೆ ಅದನ್ನು ಬೈಯುತ್ತಾ ಕೂರುತ್ತೇವೆಯೇ? ಇವನನ್ನು ಸತ್ತ ಮೇಲೂ ಕಟಕಟೆಯಲ್ಲಿ ನಿಲ್ಲಿಸಿ ಕೇಳಬೇಕು. ಅಷ್ಟಕ್ಕೂ ಸಿನಿಮಾಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಮೊದಲಿನದ್ದೇ.

ಫೆಬ್ರವರಿ 20, ಗುರುವಾರ

ನಾಳೆ ಊಟದ ಶೂಟಿಂಗ್. ಅಮ್ಮನ ಪಾತ್ರ ಮಾಡುವ ಹುಡುಗಿ ಮರ್ರಾಕೆಶಿನವಳು, ಕಣ್ಣುಗಳು ದೊಡ್ಡವು. ರಿಹರ್ಸಲ್‌ನಲ್ಲಿ ಅವನನ್ನು ಕಂಡ ಕೂಡಲೇ ಗಡಗಡ ನಡುಗಿದಳು. “ಅಷ್ಟು ಹೆದರಿದ್ರೆ ನಾನು ಯಾಕವ್ವ ಕರೀತಿದ್ದೆ?” ಎಂದು ಅಮ್ಮ ಗದರಿದಳು. ನಾಳೆ ಏನು ಮಾಡುತ್ತಾಳೋ ಆ ಹುಡುಗಿ. ಅವಳು ಅದೇ ರೀತಿ ನಡುಗಿದರೆ, ನೋಡಿದವರು ಮತ್ತೆ ಅದನ್ನೇ ಅನ್ನುತ್ತಾರೆ: ಗೊತ್ತಿದ್ದೂ ಕರೆದಳು.

ಅಮ್ಮ ಊಟ ಮಾಡಲಿಲ್ಲ. ರವೆ ಜರಡಿ ಹಿಡಿಯುತ್ತಲೇ ಇದ್ದಾಳೆ.

ಫೆಬ್ರವರಿ 21, ಶುಕ್ರವಾರ

ನಮ್ಮ ಮನೆ ನಮ್ಮದಲ್ಲ ಎಂಬಂತಾಗಿತ್ತು. ಅಂಗಳದ ತುಂಬ ವೈರು, ದೀಪ, ಕೂಗಾಟ. ಊರಿಗೆ ಊರೇ ಮಾಳಿಗೆಗಳ ಮೇಲೆ ಹತ್ತಿ ಕೂತಿತ್ತು. ಮೂಹಾಗೆ ಈ ಸಲ ಡ್ರೈವರನ ಪಾತ್ರ. ಇಡೀ ಸಿನಿಮಾದಲ್ಲಿ ಸಾಯುವುದಿಲ್ಲವೆಂದು ಬೇಜಾರು ಮಾಡಿಕೊಂಡಿದ್ದ. ಯೆಝ್ಝಾ ದೊಡ್ಡಮ್ಮನನ್ನು ಒಲೆಯ ಪಕ್ಕ, ತಟ್ಟೆಗೆ ಹತ್ತಿರದಲ್ಲಿ ಕೂರಿಸಿದ್ದರು. ಕೈಗೆ ಬಟಾಣಿ ಬಿಡಿಸುವ ಕೆಲಸ ಕೊಟ್ಟಿದ್ದರು. ಅವಳು ಬಟಾಣಿ ಬಿಡಿಸುವುದಕ್ಕಿಂತ ಹೆಚ್ಚಾಗಿ ಬಾಗಿಲನ್ನು ಕೆಕ್ಕರಿಸಿ ನೋಡುತ್ತಿದ್ದಳು. ಅಮ್ಮನೂ ನಾನೂ ಕ್ಯಾಮೆರಾದ ಹಿಂದೆ ಎರಡು ಸ್ಟೂಲಿನ ಮೇಲೆ ಕೂತಿದ್ದೆವು.

ಅಮ್ಮ ಮಾಡಿದ ತಟ್ಟೆಯನ್ನು ಇಳಿಸಿದರು. ಏಳು ತರಕಾರಿ, ಮೇಲೆ ಕುರಿಯ ಮಾಂಸ, ಹಬೆ. ಆ ವಾಸನೆಗೆ ದೀಪ ಹಿಡಿದವನೂ ಮೂಗರಳಿಸಿದ. ಬಹೀಜಾ ಎಲ್ಲರೂ ಸುಮ್ಮನಿರಿ ಎಂದಳು. ಹೊರಗೆ ಜೀಪು ಕೆಮ್ಮಿ ನಿಂತ ಸದ್ದು. ಬಾಗಿಲಿಗೆ ನೆರಳು ಬಂತು.

ಸೆಬ್ತಿ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡಿದ್ದ. ಮುಖಕ್ಕೆ ಧೂಳು, ಕಣ್ಣಿನ ಸುತ್ತ ಆಯಾಸ. ಹೊಸಿಲ ಆಚೆಯೇ ನಿಂತ. ತಟ್ಟೆಯನ್ನು ನೋಡಿ, ಊಟದ ಹೊತ್ತಿಗೆ ಬಂದುಬಿಟ್ಟೆನಲ್ಲ ಎಂದು ಸಂಕೋಚಪಟ್ಟವನ ಹಾಗೆ ನೋಟ ಕೆಳಗೆ ಮಾಡಿದ.

“ಲಲ್ಲಾ, ತೊಂದರೆ ಕೊಟ್ಟೆ. ಇಂಜಿನ್ನಿಗೆ ಒಂದಿಷ್ಟು ನೀರು ಬೇಕಾಗಿತ್ತು.”

ಆ ದೊಡ್ಡ ಕಣ್ಣಿನ ಹುಡುಗಿ ಏಳಬೇಕಿತ್ತು. ಎದ್ದಳು. ಬಾಯಿ ತೆರೆಯಲು ಒಂದು ಗಳಿಗೆ ತಡ ಮಾಡಿದಳು, ಅಷ್ಟೇ.

“ಬಿಸ್ಮಿಲ್ಲಾ, ಬಾ ಮಗಾ, ಒಳಗೆ ಬಾ,” ಎಂದಳು ಯೆಝ್ಝಾ. “ಬಿಸಿಲಲ್ಲಿ ಯಾಕೆ ನಿಂತಿದ್ದೀಯ? ತಟ್ಟೆ ಇಳಿದಿದೆ, ಎರಡು ತುತ್ತು ತಿಂದು ಹೋಗು.” ಹೇಳುತ್ತ ಬಟಾಣಿಯ ಮೊರವನ್ನು ಪಕ್ಕಕ್ಕಿಟ್ಟು, ತಟ್ಟೆಯ ಮುಂದೆ ಅವನಿಗೆ ಜಾಗ ಮಾಡಿ ಸರಿದೂ ಬಿಟ್ಟಳು.

ಅವಳ ಬಾಯಿಗೆ ಯಾರೂ ಮಾತು ಕೊಟ್ಟಿರಲಿಲ್ಲ. ಅವಳಿಗೆ ಸಿನಿಮಾದಲ್ಲಿ ಮಾತೇ ಇರಲಿಲ್ಲ. ಎರಡು ವಾರದ ಹಿಂದೆ ಇದೇ ಮನುಷ್ಯನ ಬೂಟಿನ ಮುಂದೆ ಉಗುಳಿದವಳು.

ಕಟ್ ಎನ್ನಬೇಕಾದ ಬಹೀಜಾ ಅನ್ನಲಿಲ್ಲ. ಸೆಬ್ತಿ ಒಂದು ಕಾಲು ಒಳಗಿಟ್ಟವನು ಹಾಗೇ ನಿಂತ. ಯೆಝ್ಝಾ ಅವನ ಎದೆಯ ಮೇಲಿನ ಪದಕಗಳನ್ನು ನೋಡಿದಳು, ಟೋಪಿ ನೋಡಿದಳು, ತಾನು ಸರಿದು ಬಿಟ್ಟುಕೊಟ್ಟ ಜಾಗ ನೋಡಿದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಕ್ಯಾಮೆರಾದ ಹಿಂದೆ ಕೂತಿದ್ದ ಅಮ್ಮನ ಕಡೆ ತಿರುಗಿದಳು. ಇಡೀ ಊರು ತಿರುಗಿತು.

ಅಮ್ಮ ಸ್ಟೂಲಿನಿಂದ ಏಳಲಿಲ್ಲ. ದನಿ ಎತ್ತರಿಸಲೂ ಇಲ್ಲ.

“ನಾನೂ ಅಷ್ಟೇ ಅಂದದ್ದು, ಯೆಝ್ಝಾ.”